ನೀರು ಕೇಳಿ ಬಂದವರು

ನಾನು ಸಾಲಿ ಬಿಟ್ಟದ್ದು ೧೯೨೬ರಲ್ಲಿ. ಕುಲಗೋಡದಲ್ಲಿ ಐದನೆಯ ಇಯತ್ತೆ ಮುಗಿದಿತ್ತು, ಮುಲ್ಕಿ ಪರೀಕ್ಷೆಗೆ ಇನ್ನೂ ಎರಡು ವರ್ಷ ಇತ್ತು. ಪಾಟಿಯನ್ನು ತಂಗಿಯ ಕೈಗೆ ಕೊಟ್ಟು ಮೂಡಲಗಿಯ ಒಬ್ಬ ಕಮ್ಮಾರರ ತಿದಿಯ ಮುಂದೆ ಹೋಗಿ ಕೂತೆ. ಅದಕ್ಕೆ ನಾನು ಎಂದೂ ನಾಚಿಕೆಪಟ್ಟವನಲ್ಲ. ನನ್ನ ಬರವಣಿಗೆಯಲ್ಲಿ ತಪ್ಪು ಸಿಕ್ಕಾವು; ನಾನು ಕೂಡಿಸಿದ ಯಂತ್ರದಲ್ಲಿ ಇದುವರೆಗೆ ಯಾರಿಗೂ ಸಿಕ್ಕಿಲ್ಲ.

ಇಷ್ಟು ಕಡಿಮೆ ಓದಿದವನು ಕಾಗದ ಮುಂದಿಟ್ಟುಕೊಂಡು ಕೂತಿರುವುದಕ್ಕೆ ಒಬ್ಬರ ಸಾವು ಕಾರಣ. ಹೋದ ತಿಂಗಳು ಅವರು ಹುಕ್ಕೇರಿಯಲ್ಲಿ ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ. ಮನುಷ್ಯನ ಹೆಸರನ್ನು ನಾಲ್ಕು ಮಂದಿಯ ಮುಂದೆ ಕೂಗಬಾರದು ಎಂಬುದು ಅವರು ಕಡೆತನಕ ನಡೆಸಿದ ವ್ರತ. ಅವರದನ್ನೇ ಕೂಗಿದರೆ ಸರಿಯಾಗಲಾರದು. ಗಿರಣಿಯಲ್ಲಿ ಹಾಜರಿ, ಪಗಾರದ ಲೆಕ್ಕ ಬರೆಯುವವರು; ಮಂದಿ ಎದುರಿಗೆ ದಿವಾನಜಿ ಅನ್ನುತ್ತಿದ್ದರು. ಬೆನ್ನ ಹಿಂದೆ ಅನ್ನುತ್ತಿದ್ದುದು ನೀರಿನ ದಿವಾನಜಿ ಎಂದು.

ಗಿರಣಿ ಅಂದರೆ ಮೂಡಲಗಿಯಿಂದ ಗೋಕಾಕದ ಕಡೆಗೆ ಹೋಗುವ ದಾರಿಯಲ್ಲಿ ಇದ್ದ ಹತ್ತಿ ಗಿರಣಿ. ಸುಗ್ಗಿಯಲ್ಲಿ ಹತ್ತಿಯ ಬೀಜ ಬಿಡಿಸುವುದು, ಉಳಿದ ದಿನ ಶೇಂಗಾ ಒಡೆಯುವುದು. ಈಗ ಅಲ್ಲಿ ಹೊಗೆಕೊಳವೆ ಒಂದೇ ನಿಂತಿದೆ. ಹನ್ನೆರಡು ಜಿನ್ನು ಯಂತ್ರಗಳಿದ್ದವು, ಹನ್ನೆರಡಕ್ಕೂ ನಾನೊಬ್ಬನೇ ಫಿಟ್ಟರ. ಅಲ್ಲಿ ಕೆಲಸಕ್ಕೆ ಕರಾರು ಅಂತ ಏನೂ ಇರಲಿಲ್ಲ. ಬಾ ಅಂದ ದಿನ ಬರಬೇಕು, ಬೇಡ ಅಂದ ದಿನ ಬಿಡಬೇಕು. ಧಣಿ ಕಾರಣ ಕೊಡಬೇಕಾಗಿಲ್ಲ. ನೀವೂ ಬೇಕಾದ ದಿನ ಬಿಟ್ಟು ಹೋಗಬಹುದಲ್ಲ, ಇಬ್ಬರಿಗೂ ಒಂದೇ ಕಾಯ್ದೆ ಎಂದು ಧಣಿ ದೊಡ್ಡದಾಗಿ ಹೇಳುತ್ತಿದ್ದರು. ಕೇಳಲಿಕ್ಕೆ ಸಮ ಅನಿಸುತ್ತಿತ್ತು.

ಆ ‘ಬೇಡ’ ಎಂಬ ಮಾತನ್ನು ಮುಟ್ಟಿಸುವುದು ದಿವಾನಜಿಯ ಪಾಲಿಗೆ ಬಂದಿತ್ತು.

ಉದ್ದನೆಯ ಮನುಷ್ಯರು. ಹಸಿರಿಗೆ ತಿರುಗಿದ ಕರಿಯ ಕೋಟು, ಬಿಳಿ ರುಮಾಲು, ಹಣೆಗೆ ತೆಳುವಾದ ವಿಭೂತಿ, ಕಂಕುಳಲ್ಲಿ ಒಂದು ಕರಿ ಛತ್ರಿ. ಎಲ್ಲರ ಚಪ್ಪಲಿಯೂ ಕಿರ್ರೆನ್ನುವ ಆ ಕಾಲದಲ್ಲಿ ಅವರ ಚಪ್ಪಲಿ ಮಾತ್ರ ಸದ್ದು ಮಾಡುತ್ತಿರಲಿಲ್ಲ. ಬಾಜೂಕ್ಕೆ ಬಂದು ನಿಂತ ಮೇಲೆಯೇ ಬಂದದ್ದು ಗೊತ್ತಾಗುವುದು. ಮಾತಾಡುವಾಗ ಮುಖ ನೋಡುತ್ತಿರಲಿಲ್ಲ, ನಮ್ಮ ಕೈ ನೋಡುತ್ತಿದ್ದರು. ಓಣಿಯ ನಾಯಿಗಳು ಅವರನ್ನು ಕಂಡರೆ ಬೊಗಳುತ್ತಿರಲಿಲ್ಲ. ಎದ್ದು, ಮೈ ಝಾಡಿಸಿ, ದೂರ ಹೋಗಿ ಮಲಗುತ್ತಿದ್ದವು.

ದಿನದ ಹಾಜರಿಯಲ್ಲಿ ಅವರು ಎಲ್ಲರಿಗೂ ‘ನೀ’ ಅಂತಲೇ ಮಾತಾಡುವವರು. “ಏ ಹುಡುಗಾ, ತಡಾ ಮಾಡಿದಿ,” “ಯವ್ವಾ, ಸೆರಗ ಸಾವರಿಸ್ಕೋ, ಜಿನ್ನಿಗೆ ಸಿಕ್ಕೀತು.” ಹೀಗೆ. ಆದರೆ ಯಾರನ್ನು ತೆಗೆಯುವುದು ಗೊತ್ತಾಯಿತೋ, ಆ ಗಳಿಗೆಯಿಂದ ಅವನಿಗೆ ‘ರೀ’ ಅನ್ನುತ್ತಿದ್ದರು. ಹತ್ತಿಯ ಅಂಡಿಗೆ ಹೊರುವ ಆಳಿಗೂ ರೀ, ಕಸ ಗುಡಿಸುವ ಮುದುಕಿಗೂ ರೀ. ನಮ್ಮ ಕಡೆ ರೀ ಅನ್ನಿಸಿಕೊಳ್ಳಬೇಕೆಂದು ಜನ ಹೊಲ ಮನೆ ಮಾಡುತ್ತಾರೆ. ಆ ಗಿರಣಿಯಲ್ಲಿ ಮಾತ್ರ ದಿವಾನಜಿಯ ಬಾಯಿಂದ ರೀ ಬಂತೆಂದರೆ ಗಂಡಸು ಕೈಯಲ್ಲಿನ ಕೆಲಸ ಬಿಟ್ಟು ದಿನ ಎಣಿಸತೊಡಗುತ್ತಿದ್ದ.

ಗಿರಣಿಗೆ ಬುಧವಾರ ಸೂಟಿ. ಬುಧವಾರ ಮಟಮಟ ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲೆ ನಿಂತ ಹೊತ್ತಿನಲ್ಲಿ, ಅವರು ತೆಗೆಯಬೇಕಾದವನ ಮನೆಯ ಮುಂದೆ ಬಂದು ನಿಲ್ಲುತ್ತಿದ್ದರು. ಛತ್ರಿ ಮಡಚಿ ಗೋಡೆಗೆ ಆನಿಸುವರು. ಚಪ್ಪಲಿ ಬಿಟ್ಟು, ಅದರ ಮುಖ ಬೀದಿಯ ಕಡೆಗೆ ತಿರುಗಿಸಿ ಇಡುವರು. ಆಮೇಲೆ ಒಳಗಿನವಳಿಗೆ ಕೇಳುವಷ್ಟೇ ದನಿಯಲ್ಲಿ: “ತಂಗೀ, ಒಂದ ತಂಬಿಗಿ ನೀರ ಕೊಡವಾ.”

ನೀರು ಕೊಟ್ಟರೆ ಕೂತು ಪೂರ್ತಿ ಕುಡಿಯುವರು. ತಂಬಿಗೆಯನ್ನು ಎರಡೂ ಕೈಯಿಂದ ಕೆಳಗಿಟ್ಟು ಹೇಳುವರು: “ನಾಳಿಂದ ನೀವು ಗಿರಣಿಗೆ ಬರೂದು ಬ್ಯಾಡ್ರಿ.” ಅಷ್ಟೇ. ದನಿ ಏರಿಸುವುದಿಲ್ಲ, ಬುದ್ಧಿ ಹೇಳುವುದಿಲ್ಲ, ಅಯ್ಯೋ ಪಾಪ ಅನ್ನುವುದೂ ಇಲ್ಲ. ಆ ದಿನದ ತನಕದ ಪಗಾರನ್ನು ಬಿಳಿ ಅರಿವೆಯಲ್ಲಿ ಕಟ್ಟಿ ತಂದಿರುತ್ತಿದ್ದರು. ಅದನ್ನು ಕೊಡಲು ಕಾಯ್ದೆಯಲ್ಲಿ ಎರಡು ದಿನದ ಅವಕಾಶ ಇದೆಯೆಂದು ಯಾರೋ ಅಂದಾಗ, “ಕಾಯ್ದೆ ಎರಡ ದಿನಾ ಕೊಡತೈತಿ, ಹಸಿವಿ ಕೊಡಂಗಿಲ್ಲ” ಅಂದಿದ್ದರಂತೆ. ಹಾಜರಿ ಪುಸ್ತಕದಲ್ಲಿ ತೆಗೆದವರ ಹೆಸರಿನ ಮೇಲೆ ಶಾಯಿ ಎಳೆಯುತ್ತಿರಲಿಲ್ಲ. ಬಾಜೂಕ್ಕೆ ಪೆನ್ಸಿಲಿನಿಂದ ಒಂದು ಸಣ್ಣ ಚುಕ್ಕೆ.

ಊರ ಹೊರಗಿನ ಕೇರಿಯ ಯಲ್ಲಪ್ಪ ಎಂಬವನನ್ನು ತೆಗೆಯಬೇಕಾದಾಗ ದಿವಾನಜಿ ಅಲ್ಲಿಗೂ ಹೋದರು, ಅಲ್ಲಿಯೂ ನೀರು ಕೇಳಿದರು. ಯಲ್ಲಪ್ಪನ ತಾಯಿ ಗಾಬರಿಬಿದ್ದು, “ಯಪ್ಪಾ, ನಮ್ಮ ನೀರು ನಿಮಗ ನಡಿಯೂದಿಲ್ಲೋ” ಎಂದು ಕೈ ಮುಗಿದಳು. ಇವರು ಅಂದದ್ದನ್ನು ಯಲ್ಲಪ್ಪನೇ ನನಗೆ ಹೇಳಿದ: “ನಿನ್ನ ಮಗನ ಅನ್ನಾ ಕಸಗೋಳಾಕ ನಡಿತೈತಿ, ನೀರ ಕುಡ್ಯಾಕ ನಡಿಯಂಗಿಲ್ಲೇನಬೇ?” ಕುಡಿದರು. ಅಂದಿನಿಂದ ಊರಿನ ಎಷ್ಟೋ ಮನೆಗಳಲ್ಲಿ ಅವರಿಗೆ ಬೇರೆ ತಂಬಿಗೆ ಇಟ್ಟರು. ಬೇರೆ ಇಟ್ಟದ್ದು ಗೊತ್ತಿದ್ದೂ ಅವರು ಅದರಲ್ಲೇ ಕುಡಿದು, ಎರಡೂ ಕೈಯಿಂದಲೇ ಕೆಳಗಿಡುತ್ತಿದ್ದರು.

ಹೀಗೆ ನಡೆದು ನಡೆದು ಮಂದಿಗೆ ಒಂದು ನಂಬಿಕೆ ಬಂದುಬಿಟ್ಟಿತು. ಕೆಲಸ ಹೋಗುವುದು ಧಣಿಯ ಮಾತಿನಿಂದಲ್ಲ, ಆ ನೀರಿನಿಂದ. ನೀರು ಕುಡಿಯದೆ ದಿವಾನಜಿ ಬಾಯಿ ಬಿಡುವುದಿಲ್ಲ. ಬಾಯಿ ಬಿಡದಿದ್ದರೆ ಕೆಲಸ ಹೋಗುವುದಿಲ್ಲ. ಬುಧವಾರ ಬಂತೆಂದರೆ ಹೆಂಗಸರು ಬೆಳಿಗ್ಗೆಯೇ ಅಡಿಗೆ ಮುಗಿಸಿ, ಕೊಡಗಳನ್ನೆಲ್ಲ ಬರಿದು ಮಾಡಿ ಬೋರಲು ಹಾಕತೊಡಗಿದರು. ಮಕ್ಕಳು ಬಾಯಾರಿಕೆ ಅಂದರೆ ಬಾವಿಗೆ ಓಡಬೇಕು. ಬೇಸಿಗೆಯ ನಡುಮಧ್ಯಾಹ್ನ ಇಡೀ ಓಣಿಯಲ್ಲಿ ಒಂದು ತಂಬಿಗೆ ನೀರಿಲ್ಲ, ಒಂದು ಬಾಗಿಲು ತೆರೆದಿಲ್ಲ, ಮಾತಿಲ್ಲ. ಕರಿ ಛತ್ರಿಯೊಂದು ಬಿಸಿಲಿನಲ್ಲಿ ಮೆಲ್ಲಗೆ ಮನೆಯಿಂದ ಮನೆಗೆ ಸರಿಯುತ್ತ ಬರುವುದನ್ನು ಬಾಗಿಲ ಸಂದಿಯಿಂದ ನೋಡುತ್ತ ಎಲ್ಲರೂ ಉಸಿರು ಹಿಡಿದು ಕೂತಿರುವುದು. ಅದು ದಾಟಿ ಹೋದ ಮೇಲೆ ಯಾರದೋ ಮನೆಯಲ್ಲಿ ಮಗು ಅತ್ತರೆ ಓಣಿಗೆ ಜೀವ ಬರುತ್ತಿತ್ತು.

ಧಣಿಯ ಮನೆಯಲ್ಲೂ ಬುಧವಾರ ಹಂಡೆಗೆ ಮುಚ್ಚಳ ಬೀಳುತ್ತದೆ ಎಂದು ಅಲ್ಲಿನ ಅಡಿಗೆಯವಳು ಬಾವಿಯ ಕಟ್ಟೆಯಲ್ಲಿ ಹೇಳಿದಳು.

“ಧಣಿನ್ನ ಯಾರ ತಗೀತಾರಬೇ?” ಎಂದು ಹೆಂಗಸರು ನಕ್ಕರು.

“ಯಾರಿಗ ಗೊತ್ತ? ಅವರಿಗೂ ಮ್ಯಾಲೊಬ್ಬ ಧಣಿ ಅದಾನಲ್ಲ!”

ನಾನು ಇದನ್ನೆಲ್ಲ ಕೇಳಿ ನಗುತ್ತಿದ್ದೆ. ನನ್ನ ಹೆಂಡತಿ ಗೌರವ್ವ ಬುಧವಾರ ಕೊಡ ಬೋರಲು ಹಾಕುತ್ತಿರಲಿಲ್ಲ. ನಾನಿಲ್ಲದೆ ಹನ್ನೆರಡು ಜಿನ್ನು ತಿರುಗುವುದಿಲ್ಲ, ನನ್ನನ್ನು ಯಾರು ತೆಗೆದಾರು ಎಂಬ ಧೈರ್ಯ.

ದಿವಾನಜಿ ಹೆದರಿಸುವವರೇ ಹೊರತು ಹೆದರುವವರಲ್ಲ ಎಂಬುದನ್ನು ನಾನು ಒಮ್ಮೆ ಕಣ್ಣಾರೆ ಕಂಡೆ. ಜಿನ್ನಿಗೆ ಹತ್ತಿ ಉಣಿಸುವ ಕಾಶವ್ವ ಹಡೆದು ಮನೆಯಲ್ಲಿದ್ದಳು. ಧಣಿ ಆಕೆಯ ಜಾಗಕ್ಕೆ ಬೇರೆಯವಳನ್ನು ಗೊತ್ತು ಮಾಡಿ, “ಈ ಬುಧವಾರ ಆಕೀ ಮನಿಗೆ ಹೋಗಿ ಬರ್ರಿ” ಅಂದರು. ನಾನು ಅಲ್ಲೇ ಎಂಜಿನ್ನಿನ ಪಟ್ಟಿ ಬಿಗಿಯುತ್ತಿದ್ದೆ.

“ಹೋಗಾಕ ಬರಂಗಿಲ್ರಿ,” ಅಂದರು ದಿವಾನಜಿ. “ಬಾಣಂತಿ ಇದ್ದಾಗ ತಗಿಯಾಕ ಕಾಯ್ದೆ ಒಪ್ಪೂದಿಲ್ಲ.”

“ಗಿರಣಿ ನಂದೋ ಸರಕಾರದ್ದೋ?”

“ಗಿರಣಿ ನಿಮ್ಮದ್ರಿ. ಆ ದಿನಾ ಆಕೀವು.”

ಧಣಿ ಮೇಜಿನ ಮೇಲಿನ ಗಾಜಿನ ಗುಂಡು ಎತ್ತಿ ಇಟ್ಟರು, ಮತ್ತೆ ಎತ್ತಿ ಇಟ್ಟರು. ಕಾಶವ್ವ ಬಾಣಂತನದ ದಿನ ತುಂಬಿಸಿಕೊಂಡು ಕೆಲಸಕ್ಕೆ ಬಂದಳು.

ಇನ್ನೊಂದು ಸಂಗತಿ. ಅವರಿಗೆ ನೀರಿನ ರುಚಿ ಗೊತ್ತಿತ್ತು. ಗಿರಣಿಯ ಹರವಿಯಿಂದ ಒಂದು ಗುಟುಕು ಕುಡಿದು, “ಇವತ್ತ ಗುಡಿ ಹಿಂದಿನ ಭಾವಿದು ತುಂಬ್ಯಾರ, ಸವಳ ಏರೇತಿ” ಅನ್ನುವರು. ಪರೀಕ್ಷೆ ಮಾಡಲು ಆಳುಗಳ ಮೇಲ್ವಿಚಾರಕ ಮುಕದ್ದಮ ದುಂಡಪ್ಪ ಒಮ್ಮೆ ಮೂರು ಬಾವಿಯ ನೀರನ್ನು ಮೂರು ತಂಬಿಗೆಯಲ್ಲಿ ತಂದಿಟ್ಟ. ಮೂರನ್ನೂ ಸರಿಯಾಗಿ ಹೇಳಿದರು. ದುಂಡಪ್ಪ ಚಪ್ಪಾಳೆ ತಟ್ಟಿದರೆ ಅವರು ನಗಲಿಲ್ಲ. “ಹೊಟ್ಟ್ಯಾಗ ಎಲ್ಲಾ ಬ್ಯಾರೆ ಬ್ಯಾರೆ ಉಳದಾವೋ, ಕೂಡಂಗಿಲ್ಲ ಅವು” ಅಂದರು. ದುಂಡಪ್ಪನ ಚಪ್ಪಾಳೆ ಅಲ್ಲೇ ನಿಂತಿತು.

ಆ ವರ್ಷ ಬೇಸಿಗೆಯಲ್ಲಿ ಗಿರಣಿಯ ಸಾಮಾನಿನ ಕೋಠಿಯಿಂದ ಎರಡು ಹಿತ್ತಾಳೆಯ ಬೇರಿಂಗು ಕಾಣೆಯಾದವು. ಯಾರೆಂದು ಗೊತ್ತಾಗಲಿಲ್ಲ. ಮಾತು ಎಲ್ಲರ ಬಾಯಲ್ಲಿ ಆಡುತ್ತಿತ್ತು. ಅದೇ ಹೊತ್ತಿಗೆ ಒಂದು ಶನಿವಾರ ನಾನು ಜಿನ್ನಿನ ಕೆಳಗೆ ಮಲಗಿ ಬೋಲ್ಟು ಬಿಗಿಯುವಾಗ ಸದ್ದಿಲ್ಲದ ಎರಡು ಚಪ್ಪಲಿ ಪಕ್ಕಕ್ಕೆ ಬಂದು ನಿಂತವು.

“ಊಟಾ ಆತೇನ್ರೀ?”

ನಾನು ಹೊರಗೆ ಬರುವಷ್ಟರಲ್ಲಿ ಅವರು ಹೋಗಿದ್ದರು. ದುಂಡಪ್ಪ ಬಾಯಿಗಿಟ್ಟ ಬೀಡಿಯನ್ನು ಕೈಗೆ ತೆಗೆದುಕೊಂಡು ನನ್ನನ್ನೇ ನೋಡುತ್ತಿದ್ದ.

“ಲೇ ಫಿಟ್ಟರ, ನಿನಗ ರೀ ಅಂದ್ರಲ್ಲೋ.”

“ಕಿವಿ ತೊಳಕೋ ದುಂಡಪ್ಪಾ.”

“ನನ್ನ ಕಿವಿ ಸ್ವಚ್ಛ ಅದಾವು. ನೀ ನಿನ್ನ ಬುಧವಾರ ನೋಡ್ಕೋ.”

ಕೆಲಸ ಹೋದರೆ ಹೋಗಲಿ ಎನ್ನುವ ಸೊಕ್ಕು ನನಗಿತ್ತು. ಆದರೆ ಆ ತಿಂಗಳು ಹೋಗುವುದೆಂದರೆ ಕಳ್ಳ ಎಂದು ಹೋಗುವುದು. ಫಿಟ್ಟರನ ಕೈ ಕಳ್ಳಗೈ ಅಂತ ಒಮ್ಮೆ ಅನ್ನಿಸಿಕೊಂಡರೆ ಗೋಕಾಕದಲ್ಲಾಗಲಿ ಹುಕ್ಕೇರಿಯಲ್ಲಾಗಲಿ ಯಾವ ಯಂತ್ರದ ಹತ್ತಿರವೂ ಬಿಡುವುದಿಲ್ಲ. ಓದಿಲ್ಲದ ನನಗೆ ಇದ್ದ ಆಸ್ತಿ ಆ ಕೈಯೊಂದೇ. ಗೌರವ್ವನಿಗೆ ಆಗ ಆರು ತಿಂಗಳು, ಚೊಚ್ಚಲು.

ಬುಧವಾರ ಬೆಳಿಗ್ಗೆ ಎದ್ದು, ನಗುತ್ತಿದ್ದ ನಾನೇ, ಕೊಡಗಳನ್ನು ಹಿತ್ತಲಲ್ಲಿ ಸುರಿದು ಬೋರಲು ಹಾಕಿದೆ.

“ನಿಮಗೇನ ಹುಚ್ಚ ಹಿಡದೈತೇನ್ರಿ?” ಅಂದಳು ಗೌರವ್ವ. “ಮನಿಗೆ ಬಂದಾವರಿಗೆ ಏನ ಕೊಡೂದು?”

“ಕೊಡೂದಿಲ್ಲ.”

ಮಧ್ಯಾಹ್ನ ಛತ್ರಿ ಗೋಡೆಗೆ ಆನಿಸಿದ ಸದ್ದು ಕೇಳಿತು. “ತಂಗೀ, ಒಂದ ತಂಬಿಗಿ ನೀರ ಕೊಡವಾ.”

ನಾನು ಒಳಗಿನಿಂದಲೇ ಹೇಳಿದೆ, “ನೀರಿಲ್ರಿ. ಕೊಡಾ ಬರಿದಾಗ್ಯಾವು.”

“ಅಡ್ಡಿ ಇಲ್ರಿ. ತರೂತನಕಾ ನಿಂತಿರತೇನಿ.”

ನಿಂತರು. ಬರಿಗಾಲಲ್ಲಿ, ಕಾದ ಕಲ್ಲಿನ ಮೇಲೆ. ನೆರಳು ಅವರ ಕಾಲಡಿಯಿಂದ ಹೊರಟು ಎದುರು ಮನೆಯ ಕಟ್ಟೆ ಮುಟ್ಟುವ ತನಕ ನಿಂತರು. ಆಮೇಲೆ ಚಪ್ಪಲಿ ಮೆಟ್ಟಿ ಹೋದರು. ಮರುದಿನ ಗಿರಣಿಯಲ್ಲಿ ಎಂದಿನಂತೆ ನನ್ನ ಹಾಜರಿ ಹಾಕಿ “ಬಂದ್ರಿ?” ಅಂದರು. ಜೊತೆಯವರು ನನ್ನ ಪಕ್ಕ ಬುತ್ತಿ ಬಿಚ್ಚಲಿಲ್ಲ.

ಧಣಿಯ ಕೋಣೆಯ ಮುಂದೆ ಹಾಯುವಾಗ ಒಳಗಿನ ಮಾತು ಕಿವಿಗೆ ಬಿತ್ತು.

“ಆ ಕಳ್ಳನ್ನ ಗೇಟಿನ್ಯಾಗ ನಿಲ್ಲಿಸಿ ಹೇಳಿ ಕಳಸ್ರಿ!”

“ಗೇಟಿನ್ಯಾಗ ಒಮ್ಮೆ ಹೇಳೇನ್ರಿ. ಇನ್ನೊಮ್ಮೆ ಹೇಳಂಗಿಲ್ಲ.”

ಮುಂದಿನದು ಕೇಳಲು ನಾನು ನಿಲ್ಲಲಿಲ್ಲ. ಕಳ್ಳ ಎಂಬುದೊಂದು ಕೇಳಿಸಿತ್ತು, ಸಾಕಾಗಿತ್ತು. ಏನೇ ಆದರೂ ನೀರು ಕೊಡಬಾರದು ಎಂದು ಹಲ್ಲು ಕಚ್ಚಿದೆ.

ಎರಡನೆಯ ಬುಧವಾರ ಬಿಸಿಲು ಇನ್ನೂ ಕೆಟ್ಟದಾಗಿತ್ತು. ಅವರು ಬಂದು ಕೇಳಿದರು, ನಾನು ಇಲ್ಲವೆಂದೆ, ಅವರು ನಿಂತರು. ನಡುನಡುವೆ ಕೆಮ್ಮು. ಗೌರವ್ವ ಒಲೆಯ ಮುಂದೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಸಂಜೆ ಬಾಗಿಲು ತೆಗೆದಾಗ ಅವರಿರಲಿಲ್ಲ, ಗೋಡೆಗೆ ಆನಿಸಿದ ಛತ್ರಿ ಇತ್ತು. ಛತ್ರಿ ಮರೆಯುವ ಮನುಷ್ಯರಲ್ಲ ಅವರು. ಒಳಗೆ ತಂದು ಮೂಲೆಯಲ್ಲಿ ಇಟ್ಟೆ. ಮುಂದೆ ನಾಲ್ಕು ದಿನ ಅದನ್ನು ಮರಳಿ ಕೊಡಲು ನನಗೆ ಕೈ ಬರಲಿಲ್ಲ. ಸೋಮವಾರ, ಮಂಗಳವಾರ ಅವರು ಹಾಜರಿ ಕೋಣೆಯಲ್ಲಿ ಕಾಣಲಿಲ್ಲ. ಧಣಿಯ ಕಾಗದಪತ್ರಕ್ಕೆ ಗೋಕಾಕಕ್ಕೋ ಬೆಳಗಾವಿಗೋ ಹೋಗುವುದು ಇದ್ದೇ ಇತ್ತು, ಹಾಗೇ ಹೋಗಿರಬೇಕು ಎಂದುಕೊಂಡೆ.

ಮೂರನೆಯ ಬುಧವಾರ ಮಧ್ಯಾಹ್ನ ಬಂದದ್ದು ನಮಗೆ ಗೊತ್ತೇ ಆಗಲಿಲ್ಲ. ಗೌರವ್ವ ಬಾಗಿಲ ಸಂದಿಗೆ ಕಣ್ಣಿಟ್ಟು ನನ್ನ ತೋಳು ಹಿಡಿದಳು. ನಾನೂ ನೋಡಿದೆ. ಅದೇ ಕಲ್ಲಿನ ಮೇಲೆ ಒಬ್ಬರು ನಿಂತಿದ್ದರು. ತಲೆ ತಗ್ಗಿಸಿದ್ದರಿಂದ ಮುಖ ಕಾಣದು. ಬರಿಗಾಲು. ಆದರೆ ಬಿಟ್ಟ ಚಪ್ಪಲಿ ಎಲ್ಲೂ ಇರಲಿಲ್ಲ. ಬಿಸಿಲು ನೆತ್ತಿಯ ಮೇಲಿದ್ದ ಹೊತ್ತು, ನೆರಳೆಲ್ಲ ಕಾಲಡಿಯಲ್ಲೇ ಇರುತ್ತದೆ; ಆದ್ದರಿಂದ ನೆರಳಿತ್ತೋ ಇರಲಿಲ್ಲವೋ ನಾನು ಹೇಳಲಾರೆ.

“ರುಮಾಲ ಇಲ್ಲ,” ಎಂದು ಪಿಸುಗುಟ್ಟಿದಳು ಗೌರವ್ವ.

ತಂಗಿ ಎನ್ನಲಿಲ್ಲ, ತಂಬಿಗೆ ಎನ್ನಲಿಲ್ಲ. “ನೀರು” ಎಂದರು. ಒಣಗಿದ ಎಲೆಯ ಮೇಲೆ ಎಲೆ ಸರಿದ ಹಾಗೆ ಇತ್ತು ದನಿ.

ಗೌರವ್ವ ಒಳಗೆ ಓಡಿದಳು. ನಾನು ಕಾಣದ ಹಾಗೆ ಆಕೆ ಒಂದು ತಂಬಿಗೆ ನೀರನ್ನು ಹಿಟ್ಟಿನ ಡಬ್ಬಿಯ ಹಿಂದೆ ಮುಚ್ಚಿಟ್ಟಿದ್ದಳು, ಅದು ಅಂದೇ ನನಗೆ ಗೊತ್ತಾದದ್ದು. ಅದನ್ನು ತಂದು ಅಗುಳಿಗೆ ಕೈ ಹಾಕಿದಳು. ನಾನು ಆಕೆಯ ಕೈ ಹಿಡಿದುಬಿಟ್ಟೆ. ಬಳೆ ಒಡೆಯಿತು. ಆ ಕೈ ಹಿಡಿದದ್ದನ್ನು ನಾನು ಈಗಲೂ ಮರೆತಿಲ್ಲ, ಆಕೆಯೂ ಮರೆತಿಲ್ಲ.

ಕೊಸರಿಕೊಂಡು ಆಕೆ ಬಾಗಿಲು ತೆಗೆದಳು. ಹೊರಗೆ ಯಾರೂ ಇಲ್ಲ. ಓಣಿಯ ಎರಡೂ ತುದಿಯ ತನಕ ಬಿಸಿಲು. ನಾಯಿಗಳೆಲ್ಲ ದೂರ ಹೋಗಿ ಮಲಗಿದ್ದವು.

ಗುರುವಾರ ದುಂಡಪ್ಪನನ್ನು ಕೇಳಿದೆ, “ದಿವಾನಜಿ ಬಂದಾರೇನೋ?”

“ಎಲ್ಲಿಂದ ಬರತಾರ? ಭಾನುವಾರ ನಾನ ಕೈ ಹಿಡದು ಮೋಟಾರ ಹತ್ತಿಸೇನಿ. ಜ್ವರಾ, ಎದ್ದ ಕುಂಡ್ರಾಕ ಶಕ್ತಿ ಇರಲಿಲ್ಲ. ಹುಕ್ಕೇರ್ಯಾಗ ಅಕ್ಕನ ಮನ್ಯಾಗ ಮಲಗ್ಯಾರಂತ.”

“ನಿನ್ನೆ ನಮ್ಮ ಬಾಗಲಾಗ ನಿಂತಿದ್ರಲ್ಲೋ!”

ದುಂಡಪ್ಪ ಎರಡು ಹೆಜ್ಜೆ ಹಿಂದೆ ಸರಿದ. “ನೀ ಮನಿಗೆ ಹೋಗು ಮಾರಾಯಾ,” ಅಂದ.

ಮನೆಗೆ ಹೋದೆ. ಗೌರವ್ವ ನನ್ನ ಮುಖ ನೋಡಿಯೇ ತಾಮ್ರದ ತಂಬಿಗೆ ಬೆಳಗಿ ನೀರು ತುಂಬಿ ಬಾಯಿಗೆ ಅರಿವೆ ಕಟ್ಟಿದಳು. “ಎಲ್ಲೆರ ಇರಲಿ, ಕೊಟ್ಟ ಬರ್ರಿ. ಕೆಲಸಾ ಹೋದ್ರ ಹೋಗಲಿ. ನನ್ನ ಹೊಟ್ಟ್ಯಾಗಿನ ಕೂಸಿಗೆ ಆ ದನಿ ಇನ್ನೊಮ್ಮೆ ಕೇಳಸಬ್ಯಾಡ್ರಿ.”

ಕಂಕುಳಲ್ಲಿ ಛತ್ರಿ, ಮಡಿಲಲ್ಲಿ ತಂಬಿಗೆ ಹಿಡಿದು ಸರ್ವಿಸ್ ಮೋಟಾರಿನಲ್ಲಿ ಕೂತೆ. ಬಾಜೂಕ್ಕಿದ್ದ ಮುದುಕ ನೋಡಿ ನೋಡಿ ಕೇಳಿದ, “ಏನ ತಮ್ಮಾ, ಹುಕ್ಕೇರ್ಯಾಗ ಭಾವಿ ಬತ್ತ್ಯಾವೇನ?” ಇಡೀ ಮೋಟಾರು ನಕ್ಕಿತು. ನಾನೂ ನಗಲು ನೋಡಿದೆ. ತಗ್ಗಿನಲ್ಲಿ ಗಾಲಿ ಇಳಿದಾಗಲೆಲ್ಲ ಅಂಗೈಯಿಂದ ತಂಬಿಗೆಯ ಬಾಯಿ ಒತ್ತಿ ಹಿಡಿದೆ. ಒಂದು ಹನಿ ಚೆಲ್ಲಲಿಲ್ಲ.

ಅವರು ಪಡಸಾಲೆಯಲ್ಲಿ ಕೌದಿ ಹೊದ್ದು ಮಲಗಿದ್ದರು. ರುಮಾಲಿಲ್ಲದ ಅವರ ತಲೆಯನ್ನು ನಾನು ಕಂಡದ್ದು ಅದೇ ಮೊದಲು. ಅಕ್ಕ ಹೇಳಿದಳು, “ಮೂರ ದಿನಾ ಆತಪಾ, ನೀರ ಒಲ್ಲೆ ಅಂತಾನ. ಒಂದ ಮನಿದು ಬಾಕಿ ಐತಿ ಅಂತಾನ.”

ನಾನು ತಂಬಿಗೆಯನ್ನು ಎರಡೂ ಕೈಯಿಂದ ಮುಂದೆ ಹಿಡಿದೆ. ಅವರು ಎದ್ದು ಕೂತು, ಅರ್ಧ ಕುಡಿದು, ದಣಿವಾರಿಸಿ, ಉಳಿದರ್ಧವನ್ನೂ ಕುಡಿದರು. “ಬೇವಿನ ಗಿಡದ ಬಾಜೂದ ಭಾವಿದು,” ಅಂದರು. ಹೌದಾಗಿತ್ತು.

“ನಿನ್ನೆ ನೀವು ಬಂದಿದ್ರೇನ್ರಿ?” ಎಂದೆ.

“ಕೈಯಾಗ ಛತ್ರಿ ಇತ್ತೇನ್ರಿ?”

“ಇಲ್ರಿ. ಅದು ನಮ್ಮ ಮನ್ಯಾಗ ಉಳದಿತ್ತು.”

“ತಲಿ ಮ್ಯಾಲ ರುಮಾಲ?”

“ಇರಲಿಲ್ರಿ.”

“ಏನ ಕೇಳಿದಾ?” ಅಂದರು. ಕೇಳಿದೆ ಎನ್ನಲಿಲ್ಲ, ಕೇಳಿದಾ ಎಂದು ಬೇರೆ ಒಬ್ಬನ ಬಗ್ಗೆ ಅಂದ ಹಾಗೆ ಅಂದರು.

“ಬರೇ ನೀರು ಅಂದ್ರು.”

ಅವರು ನನ್ನ ಕೈ ನೋಡಿದರು. ಆಮೇಲೆ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

“ನಾ ಆಗ ಗಿರಣಿಗೆ ಹೊಸಬ. ಕೌಜಲಗಿಯಂವ ಒಬ್ಬ ಇದ್ದ. ಅವನ್ನ ತಗೀ ಅಂದ್ರು. ಗೇಟಿನ್ಯಾಗ ನಿಂತು ಎಲ್ಲಾರ ಮುಂದ ಹೆಸರ ಕೂಗಿ, ನಾಳಿಂದ ಇಲ್ಲ ನಡೀ ಅಂದೆ. ಮಂದಿ ನಕ್ಕರು. ಕಾಯ್ದೆ ಪ್ರಕಾರ ತಪ್ಪಿಲ್ಲ. ದಾರಿಗೆ ಅಂತ ಹರವ್ಯಾಗಿನ ನೀರ ಕೊಡ್ರಿ ಅಂದಾ. ಅದು ಕೆಲಸದಾವರಿಗೆ ಅಂದೆ. ಅದೂ ತಪ್ಪಿಲ್ಲ. ಇಂಥಾದ ಬಿಸಲ. ಬರಿಗಾಲಾಗ ನಡಕೋತ ಹ್ವಾದ. ಊರ ಮುಟ್ಟಲಿಲ್ಲ.” ಉಸಿರು ತೆಗೆದುಕೊಂಡರು. “ಅವತ್ತಿನಿಂದ ಕೇಳೂದು ನನ್ನ ಪಾಳಿ ಆತು. ನಾ ಹೋಗದಿದ್ದ ಬುಧವಾರ ಅಂವ ಹೋಗತಾನ ಕಾಣತೈತಿ.”

ಹೊರಗೆ ಹುಕ್ಕೇರಿಯ ಬೀದಿಯಲ್ಲಿ ಯಾರೋ ಎತ್ತಿಗೆ ಬೈಯುತ್ತ ಹೋದರು.

ಅವರು ಅಕ್ಕನಿಂದ ರುಮಾಲು ತರಿಸಿ ಸುತ್ತಿಕೊಂಡರು. ಕೌದಿಯ ಮೇಲೆಯೇ ಕೂತು ಕೋಟು ಹಾಕಿಕೊಂಡರು. ಗುಂಡಿ ಹಾಕಲು ಹೊತ್ತು ಹಿಡಿಯಿತು. ನಾನು ಸಹಾಯಕ್ಕೆ ಹೋದರೆ ಬೇಡವೆಂದರು.

“ನಾಳಿಂದ ನೀವು ಗಿರಣಿಗೆ ಬರೂದು ಬ್ಯಾಡ್ರಿ. ಕಾರಣಾ ಹೇಳಬೇಕಂತ ಕಾಯ್ದೆ ಇಲ್ಲ. ಹೇಳಿದ್ರ ಮಾತ್ರ ಖರೇನ ಹೇಳಬೇಕು. ಧಣಿ ಹೇಂತಿ ತಮ್ಮ ಫಿಟ್ಟರ ಕೆಲಸಾ ಕಲ್ತ ಬಂದಾನ, ಅವಗ ಜಾಗಾ ಬೇಕಾಗೇತಿ. ಇಷ್ಟ. ನಿಮ್ಮ ಕೈಯಾಗ ತಪ್ಪಿಲ್ಲ. ಬೇರಿಂಗ ನೀವು ಮುಟ್ಟಿಲ್ಲ.”

ಕೋಟಿನ ಒಳಜೇಬಿನಿಂದ ಬಿಳಿ ಅರಿವೆಯ ಗಂಟು ಮತ್ತು ಒಂದು ಕಾಗದ ತೆಗೆದು ಎರಡೂ ಕೈಯಿಂದ ಕೊಟ್ಟರು. ಅವರು ಹೇಳಿದ್ದೇ ಕಾಗದದಲ್ಲಿ ಬರೆದಿತ್ತು. ಕೆಳಗೆ ಧಣಿಯ ಸಹಿ. ನಾನು ನಂಬದೆ ಕೇಳಿದೆ, “ಧಣಿ ನನಗ ಕಳ್ಳ ಅಂದದ್ದ ನಾನ ಕೇಳೇನ್ರಿ. ಇದಕ್ಕ ಹೆಂಗ ಸಹಿ ಹಾಕಿದ್ರು?”

“ಅವರ ಮನಿಗೆ ಹೋಗಿ ನೀರ ಕೇಳಿದೆ,” ಅಂದರು. “ಸಹಿ ಮಾಡತೇನಿ, ನೀರ ಮಾತ್ರ ಕೇಳಬ್ಯಾಡ್ರಿ ಅಂದ್ರು.”

ಅವರು ನಕ್ಕದ್ದನ್ನು ನಾನು ಕಂಡದ್ದು ಆ ಒಂದೇ ಸಲ.

ಕಾಗದದ ಮೇಲಿನ ತಾರೀಖು ನೋಡಿದೆ. ಮೊದಲನೆಯ ಬುಧವಾರದ್ದು; ಧಣಿ ಕಳ್ಳ ಎಂದು ಕೂಗಿದ್ದು ಸಹಿ ಹಾಕಿದ ಮೇಲಿನ ಸಿಟ್ಟಿಗೆ. ಅಂದರೆ ಮೊದಲ ದಿನವೇ ಅದು ಅವರ ಜೇಬಿನಲ್ಲಿತ್ತು. ನಾನು ಕಳ್ಳನಲ್ಲ ಎಂಬ ಮಾತು ನನ್ನದೇ ಬಾಗಿಲ ಹೊರಗೆ ಎರಡು ಬುಧವಾರ ಬಿಸಿಲಲ್ಲಿ ನಿಂತಿತ್ತು. ನಾನು ಕೊಡ ಬೋರಲು ಹಾಕಿ ಒಳಗೆ ಕೂತಿದ್ದೆ.

“ಕಾಗದಾ ಗಿರಣ್ಯಾಗ ಕೊಟ್ಟಿದ್ರ ಆಗತಿತ್ತಲ್ರಿ,” ಎಂದೆ. ದನಿಯಲ್ಲಿ ಸಿಟ್ಟಿತ್ತು, ಸುಳ್ಳು ಹೇಳುವುದಿಲ್ಲ.

“ಆಗತಿತ್ತು. ಆದ್ರ ನೀರ ಕುಡೀದ ಆ ಮಾತ ಬಾಯಿಗೆ ಬರಂಗಿಲ್ಲೋ ನನಗ.” ಕೋಟಿನ ಗುಂಡಿ ಬಿಚ್ಚತೊಡಗಿದರು. “ನೀ ಇನ್ನ ಹೋಗು, ಕಡೀ ಮೋಟಾರ ತಪ್ಪೀತು. ಛತ್ರಿ ನೀನ ಇಟ್ಕೋ. ನಾ ಇನ್ನ ಬಿಸಲಿಗೆ ಹೋಗೂದಿಲ್ಲ.”

ನೀ ಅಂದರು. ಕೆಲಸ ಕಳೆದುಕೊಂಡವನು ಆ ಒಂದು ಮಾತಿಗೆ ಹಗುರಾಗಿ ಹೊರಗೆ ಬಂದೆ ಎಂದರೆ ಓದುವವರಿಗೆ ಸೋಜಿಗ ಅನಿಸೀತು.

ಅವರು ಗುಣವಾದರು, ಆದರೆ ಮತ್ತೆ ಗಿರಣಿಗೆ ಬರಲಿಲ್ಲ. ಧಣಿ ಮುಂದೆ ಮಂದಿಯನ್ನು ಗೇಟಿನಲ್ಲೇ ಕೂಗಿ ತೆಗೆದರು. ಬುಧವಾರ ಯಾರೂ ಕೊಡ ಬೋರಲು ಹಾಕಬೇಕಾಗಿರಲಿಲ್ಲ. ಹಾಕುತ್ತಲೇ ಇದ್ದರು. ಛತ್ರಿ ಇಲ್ಲದ ಒಬ್ಬ ಮಧ್ಯಾಹ್ನ ಓಣಿಯಲ್ಲಿ ಹಾಯುತ್ತಾನೆ ಎಂದು ಕಾಶವ್ವ ಹೇಳುತ್ತಿದ್ದಳು. ನಾನು ಆ ಕಾಗದ ತೋರಿಸಿ ಗೋಕಾಕದಲ್ಲಿ ಕೆಲಸ ಹಿಡಿದೆ, ನಾಲ್ಕು ವರ್ಷ ದುಡಿದು ಮೂಡಲಗಿಗೆ ಮರಳಿ ಸ್ವಂತ ಅಂಗಡಿ ಇಟ್ಟೆ. ಎಂಜಿನ್ನು, ಪಂಪು, ಜಿನ್ನು, ಏನು ಬಂದರೂ ಬಿಚ್ಚಿ ಕೂಡಿಸುತ್ತೇನೆ.

ಧಣಿ ಆದ ಮೇಲೆ ನನಗೂ ಒಬ್ಬನನ್ನು ತೆಗೆಯುವ ದಿನ ಬಂತು. ಕೆಲಸ ಕಡಿಮೆಯಾಗಿತ್ತು, ಹುಡುಗನಲ್ಲಿ ತಪ್ಪಿರಲಿಲ್ಲ. ಅಂಗಡಿಯ ಬಾಗಿಲಲ್ಲೇ ಹೇಳಿ ಮುಗಿಸೋಣ ಎಂದು ಬಾಯಿ ತೆರೆದೆ. ಅವನ ಮನೆಯ ನೀರು ಕುಡಿಯದೆ ಆ ಮಾತು ನನ್ನ ಬಾಯಿಗೂ ಬರಲಿಲ್ಲ. ಬುಧವಾರ ಮಧ್ಯಾಹ್ನ ಗೌರವ್ವ ಮೂಲೆಯಲ್ಲಿದ್ದ ಛತ್ರಿಯನ್ನು ತಂದು ನನ್ನ ಕೈಗೆ ಕೊಟ್ಟಳು. ಆಮೇಲೆ ಇನ್ನೂ ಮೂವರ ಮನೆಗೆ ಹೋಗಿ ನೀರು ಕೇಳಿದ್ದೇನೆ.

ಹೋದ ತಿಂಗಳು ಹುಕ್ಕೇರಿಗೆ ಮಣ್ಣಿಗೆ ಹೋದಾಗ ಅವರ ಅಕ್ಕ, ಈಗ ಬಹಳ ಹಣ್ಣಾಗಿದ್ದಾಳೆ, ಹೇಳಿದಳು: ಕಡೆಗೆ ಬಾಯಿಗೆ ನೀರು ಬಿಡಲು ಹೋದರೆ ತುಟಿ ಬಿಗಿಹಿಡಿದರಂತೆ. “ಬ್ಯಾಡ, ಜಾಗಾ ಇಲ್ಲ” ಅಂದರಂತೆ.

ನನ್ನಲ್ಲಿ ಈಗ ಇರುವುದು ಇಷ್ಟು: ಮೂಡಲಗಿಯಲ್ಲಿ ಒಂದು ಮನೆ, ಒಂದು ಅಂಗಡಿ, ಒಂದು ಲೇಥು, ಕಬ್ಬಿಣ ಕಚ್ಚಿ ಹಿಡಿಯುವ ಎರಡು ವೈಸು, ಕೆಲಸಕ್ಕೆ ಆರು ಮಂದಿ, ಹೆಂಡತಿ, ಮೂವರು ಮಕ್ಕಳು, ಧಣಿಯ ಸಹಿಯ ಒಂದು ಕಾಗದ, ನನ್ನದಲ್ಲದ ಒಂದು ಛತ್ರಿ, ಹೊಟ್ಟೆಯಲ್ಲಿ ಕೂಡದೆ ಉಳಿದ ನಾಲ್ಕು ಮನೆಯ ನೀರು.